ಕೆಲಸ ನೋಡಬೇಕೋ, ಕೆಲಸ ಮಾಡೋರನ್ನ ನೋಡಬೇಕೋ?

ಕಾಲಲ್ಲಿ ಒತ್ತಿದರೆ ಬಾಯಿ ತೆರೆಯೋ ಕಸದ ಡಬ್ಬಿ ನಾವೆಲ್ಲ ನೋಡಿದ್ದೇವೆ. ಅದಕ್ಕೆ ಹೆಸರಾದವರು ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್‌ಬ್ರೆತ್ (1878–1972). ಗಂಡ ಫ್ರ್ಯಾಂಕ್ ಗಮನಿಸಿದ್ದು ಕೆಲಸವನ್ನು: ಇಟ್ಟಿಗೆ ಕಟ್ಟುವಾಗಿನ 18 ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದರು. ಮನಶ್ಶಾಸ್ತ್ರ ಓದಿದ್ದ ಲಿಲಿಯನ್ ಕೆಲಸಗಾರರ ದಣಿವನ್ನೂ ಗಮನಿಸಿದರು.

1924ರಲ್ಲಿ ಫ್ರ್ಯಾಂಕ್ ತೀರಿಕೊಂಡರು. ಮನೆಯಲ್ಲಿ 11 ಮಕ್ಕಳು. ಹೆಂಗಸು ಅಂತ ಹಲವು ಕಂಪನಿಗಳು ಒಪ್ಪಂದ ಮುಂದುವರಿಸಲಿಲ್ಲ. ಆಗ ಲಿಲಿಯನ್ ಅಡುಗೆಮನೆಯ ವಿನ್ಯಾಸಕ್ಕೆ ಕೈಹಾಕಿದರು. ಅಡುಗೆಗೆ ಬೇಕಾಗೋ ಹೆಜ್ಜೆ ಎಣಿಸಿ ಒಲೆ, ಸಿಂಕು ಹತ್ತಿರ ತಂದರು. ಅದು ಕೆಲಸದ ಲೆಕ್ಕ. ಸಾವಿರಾರು ಹೆಂಗಸರನ್ನು ಮಾತಾಡಿಸಿ ಅವುಗಳ ಎತ್ತರ ಗೊತ್ತುಮಾಡಿದರು. ಅದು ಬಳಸುವವರ ಲೆಕ್ಕ.

ಹೆಜ್ಜೆ ಉಳಿಸಿ ಬೆನ್ನು ನೋಯಿಸಿದರೆ ಏನು ಲಾಭ? ಪ್ರಾಜೆಕ್ಟಿಗೆ ಕೂರೋ ಮುಂಚೆ ನಾವೂ ಎರಡೂ ಲೆಕ್ಕ ಹಾಕೋಣ.