ಅಲ್ಲಮಪ್ರಭುವಿನ ಚರಿತೆ ಮತ್ತು ನಿತ್ಯದ ಪ್ರಶ್ನೆ

ಅಲ್ಲಮಪ್ರಭುವಿನ ಬದುಕನ್ನು ಕುರಿತು ನಮಗೆ ದೊರೆಯುವುದು ಚರಿತ್ರೆಗಿಂತ ಹೆಚ್ಚಾಗಿ ಕಾವ್ಯವೇ ಆಗಿದೆ. 12ನೆಯ ಶತಮಾನದ ಈ ವಚನಕಾರನ ಹುಟ್ಟೂರು ಇಂದಿನ ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಎಂಬುದು ಪರಂಪರೆಯ ನಂಬಿಕೆ. ಮನುಷ್ಯನ ಅರಿವಿಗೆ ಹೊರತಾದ ನಿತ್ಯವೊಂದು ಉಂಟೆ ಎಂಬ ಪ್ರಶ್ನೆಯನ್ನು ಈತನ ಚರಿತೆಗಳು ಬೇರೆಬೇರೆ ಬಗೆಯಲ್ಲಿ ಎದುರಿಸಿರುವುದು ಗಮನಾರ್ಹ.

ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮನು ಮದ್ದಳೆಗಾರ. ಕಮಲತೆಯನ್ನು ಒಲಿದು ಕೂಡಿದವನು. ಆಕೆ ಜ್ವರದಿಂದ ತೀರಿಕೊಂಡಾಗ ದಿಕ್ಕುಗೆಟ್ಟು ಅಲೆದವನು. ಆ ಅಲೆದಾಟದಲ್ಲಿ ನೆಲದೊಳಗೆ ಹುದುಗಿದ್ದ ಕಳಸವನ್ನು ಕಂಡು, ಅಗೆದು, ಗುಹೆಯನ್ನು ಹೊಕ್ಕು ಅನಿಮಿಷನ ಕೈಯಿಂದ ಲಿಂಗವನ್ನು ಪಡೆಯುತ್ತಾನೆ. ಗುರುವು ಏನನ್ನೂ ನುಡಿಯದೆ ಪ್ರಾಣ ಬಿಡುತ್ತಾನೆ. ಇಲ್ಲಿ ನಿತ್ಯದ ಅರಿವು ಉಪದೇಶದಿಂದ ಬರುವುದಿಲ್ಲ. ಎರಡು ಸಾವುಗಳ ನಡುವಣ ಮೌನದಲ್ಲಿ ಸಂಭವಿಸುತ್ತದೆ.

15ನೆಯ ಶತಮಾನದ ಚಾಮರಸನಿಗೆ ಈ ಶೋಕ ಒಪ್ಪಿತವಲ್ಲ. 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮನು ಬನವಸೆಯ ಮಾಯಾದೇವಿಯ ಮುಂದೆ ಮದ್ದಳೆ ಬಾರಿಸಿದರೂ ಆಕೆಗೆ ಸಿಲುಕುವುದಿಲ್ಲ. ಅವನು ಮೊದಲಿನಿಂದಲೂ ನಿತ್ಯನೇ. ಇದರಿಂದ ಪ್ರಭುವಿನ ಮಹಿಮೆ ಹೆಚ್ಚಿತು ನಿಜ. ಆದರೆ ಮರ್ತ್ಯನೊಬ್ಬನು ಅಮರ್ತ್ಯವನ್ನು ಅರಿಯಬಲ್ಲನೆ ಎಂಬ ಪ್ರಶ್ನೆಯೇ ಹಿಂದೆ ಸರಿಯಿತು.

ಗೂಳೂರು ಸಿದ್ಧವೀರಣ್ಣೊಡೆಯನ 'ಶೂನ್ಯಸಂಪಾದನೆ'ಯ ಗೋರಕ್ಷ ಪ್ರಸಂಗ ಈ ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತರುತ್ತದೆ. ಕಾಯಸಿದ್ಧಿಯನ್ನು ಪಡೆದ ಗೋರಕ್ಷನ ದೇಹಕ್ಕೆ ಖಡ್ಗ ತಾಗಿದಾಗ ಸದ್ದು ಏಳುತ್ತದೆ, ಗಾಯವಾಗುವುದಿಲ್ಲ. ಪ್ರಭುವಿನ ದೇಹದಲ್ಲಿ ಅದೇ ಖಡ್ಗ ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಅಳಿಯದೆ ಬಹುಕಾಲ ಉಳಿಯುವುದು ಬೇರೆ, ಕಾಲದ ಹಿಡಿತಕ್ಕೆ ಒಳಗಾಗದಿರುವುದು ಬೇರೆ. ಗೋರಕ್ಷನು ಸಾಧಿಸಿದ್ದು ಮೊದಲನೆಯದನ್ನು ಮಾತ್ರ. ಕೊನೆಯಿಲ್ಲದ ಆಯುಷ್ಯವೂ ಕಾಲದೊಳಗಿನ ಆಯುಷ್ಯವೇ.

ಸೊನ್ನಲಿಗೆಯಲ್ಲಿ ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಪ್ರಭುವು ಕೆಣಕಿ ಕಲ್ಯಾಣಕ್ಕೆ ಕರೆತಂದ ಪ್ರಸಂಗವನ್ನೂ ಈ ಹಿನ್ನೆಲೆಯಲ್ಲಿ ನೋಡಬಹುದು. ಲೋಕೋಪಕಾರವನ್ನು ಅಲ್ಲಗಳೆಯುವುದು ಅಲ್ಲಿನ ಉದ್ದೇಶವಲ್ಲ. ಕಟ್ಟಿದ್ದು ಉಳಿಯುತ್ತದೆ ಎಂಬ ಭರವಸೆಯನ್ನು ಪರೀಕ್ಷಿಸುವುದು. ಕಲ್ಯಾಣದ ಶೂನ್ಯಸಿಂಹಾಸನವನ್ನು ಏರಿದವನೂ ಅಲ್ಲಿ ನೆಲೆನಿಲ್ಲದೆ ಶ್ರೀಶೈಲದ ಕದಳಿಗೆ ಹೊರಟು ಬಯಲಾದನೆಂದು ಪರಂಪರೆ ಹೇಳುತ್ತದೆ.

ಹಾಗಾದರೆ ಅರಿವಿನಾಚೆಗೆ ನಿತ್ಯವೆಂಬುದು ಇದೆಯೆ? ಇದೆ ಎಂದರೆ ಅದು ಆಗಲೇ ಅರಿವಿನ ವಸ್ತುವಾಗುತ್ತದೆ. ಇಲ್ಲ ಎನ್ನಲೂ ಅದನ್ನು ಅರಿತಿರಬೇಕಾಗುತ್ತದೆ. ಅಲ್ಲಮನ ಬಯಲು ಈ ಎರಡನ್ನೂ ಬಿಟ್ಟು ಅರಿಯುವವನನ್ನೇ ಕರಗಿಸುತ್ತದೆ. ಅರಿಯುವವನು ಅಳಿದ ಮೇಲೆ ಅದಕ್ಕೆ ಸಾಕ್ಷಿ ಯಾರು ಎಂಬ ಆಕ್ಷೇಪ ಉಳಿದೇ ಉಳಿಯುತ್ತದೆ. ನುಡಿಗೆ ನಿಲುಕದ್ದನ್ನು ಕುರಿತು ಸಾವಿರಕ್ಕೂ ಮಿಕ್ಕ ವಚನಗಳನ್ನು ನುಡಿದಿರುವ ಅಲ್ಲಮನಿಗೆ ಈ ತೊಡಕಿನ ಅರಿವು ಇರಲಿಲ್ಲವೆಂದು ಹೇಳಲಾಗದು. ಬೆಡಗಿನ ಭಾಷೆ ಹುಟ್ಟಿದ್ದೇ ಈ ತೊಡಕಿನಿಂದ ಎಂದು ಭಾವಿಸಲು ಅವಕಾಶವಿದೆ.