ಬಂಡೆಗಳನ್ನು ಓದಲು ಕಲಿತ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಜೀವವಿಕಾಸದ ಪಾಠ ಮತ್ತು ಉದ್ದ ಬಿಳಿ ಗಡ್ಡದ ಮುದುಕರ ಚಿತ್ರ. ಆದರೆ ವಿಜ್ಞಾನಿಯಾಗಿ ಅವರು ಮೊದಲು ಹೆಸರು ಮಾಡಿದ್ದು ಭೂವಿಜ್ಞಾನದಲ್ಲಿ. ಇಂದು ಭೂವಿಜ್ಞಾನ ಓದುವವರು ಉನ್ನತ ವ್ಯಾಸಂಗಕ್ಕೆ ಹೋಗುವ ಮೊದಲು ಕ್ಷೇತ್ರ ಶಿಬಿರಕ್ಕೆ ಹೋಗಿ, ಬಿಸಿಲಲ್ಲಿ ನಡೆದು, ಬಂಡೆ ಮುಟ್ಟಿ ನೋಡಿ ಕಲಿಯುತ್ತಾರೆ. ಡಾರ್ವಿನ್ನರಿಗೂ ಅಂಥದ್ದೊಂದು ಶಿಬಿರ ಸಿಕ್ಕಿತ್ತು. ಅಲ್ಲಿದ್ದದ್ದು ಒಬ್ಬ ಗುರು, ಒಬ್ಬ ಶಿಷ್ಯ, ಅಷ್ಟೇ.

ಅವರು ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ಹೆಸರಾಂತ ವೈದ್ಯರು. ಮಗನೂ ವೈದ್ಯನಾಗಲಿ ಎಂದು 16ನೇ ವಯಸ್ಸಿಗೇ ಎಡಿನ್‌ಬರಾಕ್ಕೆ ಕಳಿಸಿದರು. ಅರಿವಳಿಕೆ ಇಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹುಡುಗ ಓಡಿಬಂದ. ಅಲ್ಲಿನ ಭೂವಿಜ್ಞಾನದ ಉಪನ್ಯಾಸಗಳು ಎಷ್ಟು ನೀರಸವಾಗಿದ್ದವೆಂದರೆ, ಬದುಕಿರುವವರೆಗೆ ಆ ವಿಷಯದ ಪುಸ್ತಕ ಮುಟ್ಟುವುದಿಲ್ಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಮುಂದೆ ತಂದೆ ಪಾದ್ರಿಯಾದರೂ ಆಗಲಿ ಎಂದು ಕೇಂಬ್ರಿಡ್ಜ್‌ಗೆ ಸೇರಿಸಿದರು. 1831ರ ಜನವರಿಯಲ್ಲಿ ಪದವಿ ಪರೀಕ್ಷೆ ಪಾಸಾಯಿತು.

ಕೇಂಬ್ರಿಡ್ಜ್‌ನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಹೆನ್ಸ್ಲೊ ಎಂಬ ಪ್ರಾಧ್ಯಾಪಕರು ಈ ಹುಡುಗನ ಕುತೂಹಲವನ್ನು ಗುರುತಿಸಿದ್ದರು. ಭೂವಿಜ್ಞಾನವನ್ನೂ ಕಲಿ ಎಂದು ಒತ್ತಾಯಿಸಿದವರು ಅವರೇ. ಡಾರ್ವಿನ್ ಬಂಡೆಯ ಪದರಗಳ ಓರೆಯನ್ನು ಅಳೆಯುವ ಕ್ಲೈನೋಮೀಟರ್ ಕೊಂಡು, ಊರಿಗೆ ಬಂದು, ಮಲಗುವ ಕೋಣೆಯ ಮೇಜುಗಳನ್ನೆಲ್ಲ ಬೇರೆ ಬೇರೆ ದಿಕ್ಕಿಗೆ ವಾಲಿಸಿಟ್ಟು ಅಳತೆ ಅಭ್ಯಾಸ ಮಾಡಿದರು. ಹೆಂಚಿನ ಮಾಡು ಯಾವ ಕಡೆಗೆ ಎಷ್ಟು ಇಳಿದಿದೆ ಎಂದು ನೋಡುವಂತೆಯೇ ಪದರದ ಇಳಿಜಾರನ್ನೂ ನೋಡಬೇಕು. ಅದರಿಂದ ಆ ಪದರ ನೆಲದೊಳಗೆ ಯಾವ ಕಡೆಗೆ ಸಾಗಿದೆ ಎಂದು ಊಹಿಸಬಹುದು.

ಆ ಆಗಸ್ಟ್‌ನಲ್ಲಿ ಕೇಂಬ್ರಿಡ್ಜ್‌ನ ಭೂವಿಜ್ಞಾನದ ಪ್ರಾಧ್ಯಾಪಕ ಆಡಂ ಸೆಡ್ಜ್‌ವಿಕ್ ಉತ್ತರ ವೇಲ್ಸ್‌ನ ಬೆಟ್ಟಗಳ ಅಧ್ಯಯನಕ್ಕೆ ಹೊರಟಿದ್ದರು. ಹೆನ್ಸ್ಲೊ ಅವರ ಕೋರಿಕೆಯಂತೆ ಡಾರ್ವಿನ್ನರನ್ನೂ ಕರೆದೊಯ್ಯಲು ಒಪ್ಪಿ, ಶ್ರೂಸ್‌ಬರಿಯ ಮನೆಗೇ ಬಂದು ಉಳಿದರು. ಗುರುವಿಗೆ 46 ವರ್ಷ, ಶಿಷ್ಯನಿಗೆ 22.

ಮೊದಲ ಪಾಠ ಮನೆಯಲ್ಲೇ ಆಯಿತು. ಊರ ಹತ್ತಿರದ ಜಲ್ಲಿ ಗುಂಡಿಯಲ್ಲಿ ಉಷ್ಣವಲಯದ ದೊಡ್ಡ ಶಂಖವೊಂದು ಸಿಕ್ಕಿತೆಂದು ಕೂಲಿಯವನೊಬ್ಬ ಹೇಳಿದ್ದನ್ನು ಡಾರ್ವಿನ್ ಉತ್ಸಾಹದಿಂದ ತಿಳಿಸಿದರು. ಸೆಡ್ಜ್‌ವಿಕ್ ಹಿಗ್ಗಲಿಲ್ಲ. ಯಾರೋ ಎಸೆದಿರಬೇಕು, ನಿಜವಾಗಿ ಅಲ್ಲೇ ಹೂತಿದ್ದರೆ ಆ ಪ್ರದೇಶದ ಮೇಲ್ಮಣ್ಣಿನ ಬಗ್ಗೆ ತಿಳಿದದ್ದೆಲ್ಲ ತಲೆಕೆಳಗಾಗುತ್ತದೆ ಎಂದರು. ಇಂಥ ಅದ್ಭುತ ಕಂಡು ಗುರುಗಳು ಕುಣಿಯಲಿಲ್ಲವಲ್ಲ ಎಂದು ಡಾರ್ವಿನ್ನರಿಗೆ ಆಶ್ಚರ್ಯ. ಬಿಡಿ ಸಂಗತಿಗಳನ್ನು ಒಟ್ಟುಗೂಡಿಸಿ ಅವುಗಳಿಂದ ನಿಯಮ ಕಾಣುವುದೇ ವಿಜ್ಞಾನ ಎಂಬುದು ಆಗ ಅವರಿಗೆ ಮನದಟ್ಟಾಯಿತು.

ಆಗಸ್ಟ್ 5ರಂದು ಇಬ್ಬರೂ ಹೊರಟರು. ಸೆಡ್ಜ್‌ವಿಕ್ ಶಿಷ್ಯನನ್ನು ಬರೀ ಹಿಂದೆ ನಡೆಸಲಿಲ್ಲ. ತಮ್ಮ ದಾರಿಗೆ ಸಮಾನಾಂತರವಾದ ಇನ್ನೊಂದು ದಾರಿಯಲ್ಲಿ ಒಬ್ಬನನ್ನೇ ಕಳಿಸಿ, ಕಲ್ಲಿನ ಮಾದರಿ ತಂದು, ಪದರಗಳನ್ನು ನಕ್ಷೆಯಲ್ಲಿ ಗುರುತಿಸಲು ಹೇಳುತ್ತಿದ್ದರು. ಆಗಿನ ಭೂವೈಜ್ಞಾನಿಕ ನಕ್ಷೆಯಲ್ಲಿ ಕ್ಲೂಯಿಡ್ ಕಣಿವೆಯ ಒಂದು ಭಾಗದಲ್ಲಿ ಹಳೆಯ ಕೆಂಪು ಮರಳುಗಲ್ಲು ಇದೆಯೆಂದು ತೋರಿಸಲಾಗಿತ್ತು. ಡಾರ್ವಿನ್ ಹುಡುಕಿದರು, ಸಿಗಲಿಲ್ಲ. ಸೆಡ್ಜ್‌ವಿಕ್ ಕೂಡ ಅದೇ ನಿರ್ಣಯಕ್ಕೆ ಬಂದರು. ಅಚ್ಚಾದ ನಕ್ಷೆಗಿಂತ ತನ್ನ ಕಣ್ಣು ನಿಜ ಹೇಳಿತೆಂದು ಶಿಷ್ಯನಿಗೆ ಹೆಮ್ಮೆಯಾಯಿತು. ಮುಂದೆ ಗುರುವಿನಿಂದ ಬೀಳ್ಕೊಂಡು, ದಿಕ್ಸೂಚಿ ಮತ್ತು ನಕ್ಷೆಯ ಬಲದಿಂದ ಬೆಟ್ಟಗಳನ್ನು ನೇರವಾಗಿ ದಾಟಿ, ಬಾರ್ಮತ್ ಎಂಬ ಕಡಲೂರಿಗೆ ಒಬ್ಬರೇ ನಡೆದು ಹೋದರು.

ಆಗಸ್ಟ್ 29ರಂದು ಮನೆಗೆ ಮರಳಿದಾಗ ಹೆನ್ಸ್ಲೊ ಅವರ ಪತ್ರ ಕಾದಿತ್ತು. ಬೀಗಲ್ ಎಂಬ ಹಡಗು ಲೋಕಸಂಚಾರಕ್ಕೆ ಹೊರಟಿದೆ, ಹೋಗುತ್ತೀಯಾ ಎಂಬ ಆಹ್ವಾನ. ತಂದೆ ಬೇಡವೆಂದರು. ಸೋದರಮಾವ ಜೊಸಾಯ ವೆಜ್‌ವುಡ್ ಭಾವನ ಒಂದೊಂದೇ ಆಕ್ಷೇಪಕ್ಕೆ ಉತ್ತರ ಬರೆದು ಒಪ್ಪಿಸಿದರು. ಡಿಸೆಂಬರ್ 27ರಂದು ಹಡಗು ಹೊರಟಿತು. ಬೆಟ್ಟದಲ್ಲಿ ಕಲಿತದ್ದು ಆ ಐದು ವರ್ಷ ಅನ್ನ ಹಾಕಿತು. 1835ರ ಫೆಬ್ರವರಿ 20ರ ಚಿಲಿಯ ಭೂಕಂಪದ ನಂತರ ಕಡಲ ಚಿಪ್ಪುಗಳು ನೀರಿನಿಂದ ಮೇಲೆದ್ದು ನಿಂತದ್ದನ್ನು ನೋಡಿ, ನೆಲ ಏರುತ್ತದೆ ಎಂದು ಕಣ್ಣಾರೆ ಅರಿತರು. ಪ್ರವಾಸದ ಟಿಪ್ಪಣಿಗಳಲ್ಲಿ ಪ್ರಾಣಿಗಳಿಗಿಂತ ಭೂವಿಜ್ಞಾನದ ಪುಟಗಳೇ ಹೆಚ್ಚು.

ಇನ್ನೊಂದು ಮಾತು ಹೇಳಲೇಬೇಕು. ವೇಲ್ಸ್‌ನ ಕೂಮ್ ಇಡ್ವಾಲ್ ಎಂಬ ಕಣಿವೆಯಲ್ಲಿ ಗುರುಶಿಷ್ಯರಿಬ್ಬರೂ ಗಂಟೆಗಟ್ಟಲೆ ಪಳೆಯುಳಿಕೆ ಹುಡುಕಿದ್ದರು. ಸುತ್ತಲೂ ಗೀರುಬಿದ್ದ ಬಂಡೆ, ಎಲ್ಲಿಂದಲೋ ಬಂದು ಕೂತ ಗುಂಡು, ಕಲ್ಲುಮಣ್ಣಿನ ದಿಬ್ಬ. ಎಲ್ಲವೂ ಹಿಂದೆ ಅಲ್ಲಿ ಹರಿದ ಹಿಮನದಿಯ ಗುರುತು. ಇಬ್ಬರಿಗೂ ಅದು ಕಾಣಲಿಲ್ಲ. ಹಿಂದೊಮ್ಮೆ ಹಿಮಯುಗ ಇತ್ತು ಎಂಬ ವಿಚಾರ ಬಲವಾಗಿ ಹರಡಿದ್ದು ಅದಾದ ಮೇಲೆ. 1842ರ ಜೂನ್‌ನಲ್ಲಿ ಡಾರ್ವಿನ್ ಮತ್ತೆ ಆ ಬೆಟ್ಟಗಳಿಗೆ ಹೋದರು. ಆರೋಗ್ಯ ಕೆಟ್ಟಿತ್ತು, ಅದೇ ಅವರ ಕೊನೆಯ ಬೆಟ್ಟದ ನಡಿಗೆ. ಅಂದು ಎಲ್ಲವೂ ನಿಚ್ಚಳವಾಗಿ ಕಂಡಿತು. ಕಂಡದ್ದನ್ನು ಅದೇ ವರ್ಷ ಪ್ರಕಟಿಸಿದರು, ಮೊದಲು ಕಾಣದೆ ಹೋದದ್ದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು.

1859ರಲ್ಲಿ ಜೀವವಿಕಾಸದ ಗ್ರಂಥ ಹೊರಬಂದಾಗ ಸೆಡ್ಜ್‌ವಿಕ್ ಅದನ್ನು ನೋವಿನಿಂದಲೇ ವಿರೋಧಿಸಿದರು. ಆದರೂ ಸ್ನೇಹ ಕಡಿಯಲಿಲ್ಲ. 1870ರಲ್ಲಿ ಕೇಂಬ್ರಿಡ್ಜ್‌ಗೆ ಬಂದ ಹಳೆಯ ಶಿಷ್ಯನನ್ನು ಆ ವೃದ್ಧ ಗುರು ತಮ್ಮ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಸುತ್ತಾಡಿಸಿದರು. ಸೆಡ್ಜ್‌ವಿಕ್ 1873ರಲ್ಲಿ, ಡಾರ್ವಿನ್ 1882ರ ಏಪ್ರಿಲ್ 19ರಂದು ತೀರಿಕೊಂಡರು.

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಈ ಕಥೆ ಹೇಳಲು ಕಾರಣವಿದೆ. ಗುರು ತನ್ನ ಉತ್ತರವನ್ನು ಶಿಷ್ಯನ ಬಾಯಿಗೆ ಹಾಕಬೇಕಿಲ್ಲ. ಬೇರೆ ದಾರಿಯಲ್ಲಿ ಒಬ್ಬನನ್ನೇ ಕಳಿಸಿ, ಅವನು ತಂದ ಉತ್ತರವನ್ನು ಕಿವಿಗೊಟ್ಟು ಕೇಳಿದರೆ ಸಾಕು. ಮುಂದೆ ಆ ಶಿಷ್ಯ ಗುರುವೇ ಒಪ್ಪದ ಜಾಗಕ್ಕೆ ಹೋಗಿ ನಿಂತರೂ, ನಡೆಯಲು ಕಲಿಸಿದ ಶ್ರೇಯಸ್ಸು ಗುರುವಿನದೇ. ಮಕ್ಕಳೇ, ನಿಮ್ಮ ಊರಿನ ಗುಡ್ಡವನ್ನು ನಾಳೆ ಒಮ್ಮೆ ಹತ್ತಿ ನೋಡಿ. ಹತ್ತು ವರ್ಷ ಓದಿದ ಮೇಲೆ ಅದೇ ಗುಡ್ಡವನ್ನು ಮತ್ತೊಮ್ಮೆ ಹತ್ತಿ.