ವಿಲಿಯಂ ಮರ್ಡಾಕನ ಪುಟ್ಟ ಉಗಿಬಂಡಿ

ನಾಗಪುರದ ಸಮೀಪದ ಹಿಂಗಣಾ ಕೈಗಾರಿಕಾ ಪ್ರದೇಶದಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳಿಗೆ ಲೇತ್ ಯಂತ್ರದ ಸದ್ದು ಹೊಸದಲ್ಲ. ಅಂತಹದೊಂದು ಲೇತನ್ನು ಸ್ವಹಸ್ತದಿಂದ ರಚಿಸಿ, ಅದರಲ್ಲಿ ಮರದ ಟೋಪಿಯೊಂದನ್ನು ಕಡೆದು, ಆ ಟೋಪಿಯ ದೆಸೆಯಿಂದಲೇ ಉದ್ಯೋಗ ಪಡೆದನೆಂದು ಹೇಳಲಾಗುವ ತರುಣನೊಬ್ಬನ ಚರಿತ್ರೆಯನ್ನು ನಾವು ಇಲ್ಲಿ ಹೇಳಬಯಸುತ್ತೇವೆ. ಆತನೇ ವಿಲಿಯಂ ಮರ್ಡಾಕ್.

ಮರ್ಡಾಕನು ೧೭೫೪ನೆಯ ಇಸವಿ ಆಗಸ್ಟ್ ೨೧ರಂದು ಸ್ಕಾಟ್ಲೆಂಡಿನ ಲುಗಾರ್ ಗ್ರಾಮದಲ್ಲಿ ಜನಿಸಿದನು. ತಂದೆಯು ಗಿರಣಿ ಕಟ್ಟುವ ಕುಶಲಕರ್ಮಿ. ಮಗನಿಗೆ ಆ ಗಿರಣಿಯೂ ಒಂದು ಪಾಠಶಾಲೆಯೇ ಆಯಿತೆನ್ನಬಹುದು. ಜೇಮ್ಸ್ ವಾಟನ ಉಗಿಯಂತ್ರಗಳ ಕೀರ್ತಿಯು ಹಬ್ಬಿದ್ದ ೧೭೭೭ರಲ್ಲಿ ಆತನು ಮುನ್ನೂರು ಮೈಲಿಗೂ ಮಿಗಿಲಾದ ದಾರಿಯನ್ನು ಕಾಲ್ನಡಿಗೆಯಿಂದ ಸವೆಸಿ ಬರ್ಮಿಂಗ್‌ಹ್ಯಾಮಿಗೆ ಬಂದನು. ನಾಗಪುರದಿಂದ ಹೈದರಾಬಾದಿಗೆ ನಡೆದುಹೋದಂತೆಯೇ ಸರಿ! ವಾಟನ ಪಾಲುಗಾರನಾದ ಬೋಲ್ಟನ್ನನು ಕೆಲಸವಿಲ್ಲವೆಂದು ಹೇಳಿ ಕಳುಹಿಸುವುದರಲ್ಲಿದ್ದನಂತೆ; ಅಷ್ಟರಲ್ಲಿ ತರುಣನ ವಿಚಿತ್ರವಾದ ಟೋಪಿಯು ಆತನ ಕಣ್ಣಿಗೆ ಬಿದ್ದಿತು. ತಲೆಗೆ ಹೊಂದುವ ಅಂಡಾಕಾರವನ್ನು ಲೇತಿನಲ್ಲಿ ಕಡೆಯುವುದು ಸುಲಭವಲ್ಲವೆಂದು ಬಲ್ಲ ಬೋಲ್ಟನ್ನನು ಆತನನ್ನು ಕೆಲಸಕ್ಕೆ ಸೇರಿಸಿಕೊಂಡನು.

೧೭೭೯ರಲ್ಲಿ ಮರ್ಡಾಕನು ಕಾರ್ನ್‌ವಾಲ್ ಪ್ರಾಂತದ ರೆಡ್‌ರೂತ್ ಪಟ್ಟಣಕ್ಕೆ ನಿಯುಕ್ತನಾದನು. ತಾಮ್ರದ ಮತ್ತು ತವರದ ಗಣಿಗಳಿಂದ ನೀರೆತ್ತುವ ಯಂತ್ರಗಳನ್ನು ನಿಲ್ಲಿಸುವುದು ಹಗಲಿನ ಕೆಲಸ. ಒಂದೊಂದು ಯಂತ್ರಕ್ಕೂ ಮನೆಯಷ್ಟು ದೊಡ್ಡ ಕಟ್ಟಡ ಬೇಕಾಗುತ್ತಿದ್ದ ಕಾಲವದು. ಅಂತಹ ಯಂತ್ರವು ಚಕ್ರಗಳ ಮೇಲೇರಿ ತಾನೇ ಏಕೆ ಓಡಬಾರದೆಂಬ ಯೋಚನೆಯು ಆತನನ್ನು ಹಿಡಿಯಿತು.

ಬಿಡುವಿನ ವೇಳೆಯಲ್ಲಿ ದುಡಿದು ೧೭೮೪ರಲ್ಲಿ ಆತನು ಒಂದು ಮಾದರಿಯನ್ನು ಸಿದ್ಧಪಡಿಸಿದನು. ಎತ್ತರವು ಒಂದು ಅಡಿಗಿಂತ ತುಸು ಹೆಚ್ಚು, ಚಕ್ರಗಳು ಮೂರು. ತಾಮ್ರದ ಬಾಯ್ಲರು, ಅದರ ಕೆಳಗೆ ಸ್ಪಿರಿಟ್ ದೀಪ. ಸಿಲಿಂಡರಿನ ಒಳವ್ಯಾಸವು ಮುಕ್ಕಾಲು ಅಂಗುಲ ಮಾತ್ರ. ಉಗಿಯು ತಣ್ಣಗಾಗದಂತೆ ಅದರ ಒಂದು ಭಾಗವು ಬಾಯ್ಲರಿನೊಳಗೇ ಹುದುಗಿತ್ತು. ಪಿಸ್ಟನ್ ಏರಿಳಿದಂತೆ ಮೇಲಿನ ತೊಲೆಯು ತೂಗುತ್ತಿತ್ತು. ತೊಲೆಯು ಹಿಂದಿನ ಚಕ್ರಗಳ ಅಚ್ಚನ್ನು ತಿರುಗಿಸುತ್ತಿತ್ತು. ನಾಗಪುರದ ನ್ಯಾರೋಗೇಜ್ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಉಗಿ ಎಂಜಿನ್ನನ್ನು ಕಂಡವರಿಗೆ ಈ ಅಂಗಗಳು ಅಪರಿಚಿತವಲ್ಲ. ಆದರೆ ಮರ್ಡಾಕನ ಬಂಡಿಗೆ ಹಳಿಗಳಿರಲಿಲ್ಲ. ನೆಲದ ಮೇಲೆಯೇ ಓಡುತ್ತಿತ್ತು.

ಒಂದು ರಾತ್ರಿ ಇಗರ್ಜಿಯ ದಾರಿಯಲ್ಲಿ ಆತನು ದೀಪ ಹಚ್ಚಿ ಅದನ್ನು ಬಿಟ್ಟನಂತೆ. ಬಂಡಿಯು ಒಡೆಯನನ್ನು ಹಿಂದಿಕ್ಕಿ ಬುಸುಗುಟ್ಟುತ್ತ ಓಡಿತು. ಎದುರಿಗೆ ಬಂದ ಪಾದ್ರಿಯು ಬೆಂಕಿಯುಗುಳುವ ಸೈತಾನನೇ ಬಂದನೆಂದು ಕೂಗಿಕೊಂಡನೆಂದು ಜನರು ಇಂದಿಗೂ ಹೇಳುತ್ತಾರೆ.

ಪಾದ್ರಿಗಿಂತ ಹೆಚ್ಚಾಗಿ ಕಳವಳಗೊಂಡವರು ಯಜಮಾನರು. ೧೭೮೬ರಲ್ಲಿ ಮರ್ಡಾಕನು ಸನ್ನದು ಪಡೆಯಲು ಲಂಡನ್ನಿಗೆ ಹೊರಟಿದ್ದಾಗ ಬೋಲ್ಟನ್ನನು ಎಕ್ಸಿಟರ್ ಬಳಿ ಎದುರಾಗಿ, ಮಾತಿನಿಂದ ಒಲಿಸಿ ಹಿಂದಿರುಗಿಸಿಬಿಟ್ಟನು. ಹೆಚ್ಚು ಒತ್ತಡದ ಉಗಿಯೆಂದರೆ ವಾಟನಿಗೆ ಭಯ. ಆ ಭಯವು ನಿರಾಧಾರವಲ್ಲ; ೧೮೦೩ರಲ್ಲಿ ಗ್ರೀನಿಚ್‌ನಲ್ಲಿ ಅಂತಹ ಬಾಯ್ಲರು ಸಿಡಿದು ನಾಲ್ವರು ಮಡಿದರು. ಆದರೂ ನಿಪುಣನಾದ ಕೆಲಸಗಾರನು ಕೈತಪ್ಪಿಹೋದಾನೆಂಬ ಸ್ವಾರ್ಥವೂ ಅದರಲ್ಲಿ ಬೆರೆತಿತ್ತೆಂದೇ ನಮ್ಮ ಭಾವನೆ. ಅನ್ನವಿತ್ತವರ ಮಾತನ್ನು ಮೀರಲು ಮರ್ಡಾಕನಿಂದಾಗಲಿಲ್ಲ. ದೊಡ್ಡ ಬಂಡಿಯನ್ನು ಆತನು ಎಂದೂ ಕಟ್ಟಲಿಲ್ಲ.

ಅದನ್ನು ಕಟ್ಟಿದವನು ಅದೇ ಗಣಿನಾಡಿನ ರಿಚರ್ಡ್ ಟ್ರೆವಿಥಿಕ್. ವಾಟನ ಸನ್ನದಿನ ಅವಧಿಯು ೧೮೦೦ರಲ್ಲಿ ತೀರಿತು. ೧೮೦೪ರ ಫೆಬ್ರುವರಿಯಲ್ಲಿ ಟ್ರೆವಿಥಿಕ್ಕನ ಎಂಜಿನ್ನು ವೇಲ್ಸಿನ ಹಳಿಗಳ ಮೇಲೆ ಹತ್ತು ಟನ್ ಕಬ್ಬಿಣವನ್ನೂ ಎಪ್ಪತ್ತು ಜನರನ್ನೂ ಎಳೆಯಿತು. ಮರ್ಡಾಕನು ಸುಮ್ಮನೆ ಕುಳಿತಿರಲಿಲ್ಲ. ಕಲ್ಲಿದ್ದಲಿನ ಅನಿಲದಿಂದ ೧೭೯೨ರಲ್ಲಿ ರೆಡ್‌ರೂತಿನ ತನ್ನ ಮನೆಯನ್ನು ಬೆಳಗಿಸಿದನು. ಅದಕ್ಕಾಗಿ ೧೮೦೮ರಲ್ಲಿ ರಾಯಲ್ ಸೊಸೈಟಿಯ ಪದಕವೂ ದೊರೆಯಿತು.

೧೮೩೯ರ ನವೆಂಬರ್ ೧೫ರಂದು ಆತನು ತೀರಿಕೊಂಡನು. ಹ್ಯಾಂಡ್ಸ್‌ವರ್ತ್ ಇಗರ್ಜಿಯಲ್ಲಿ ಬೋಲ್ಟನ್, ವಾಟ್ ಇಬ್ಬರ ಜೊತೆಯಲ್ಲಿಯೇ ಆತನ ಸಮಾಧಿಯೂ ಇದೆ. ಪುಟ್ಟ ಬಂಡಿಯು ಬರ್ಮಿಂಗ್‌ಹ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ.